ಕೌಂಟಿ ಕೋರ್ಟಿನ ಡೈವೋರ್ಸ್: ಇಲ್ಲೂ ನಡೆಯಬೇಕು, ಊರಲ್ಲೂ ನಿಲ್ಲಬೇಕು

ಕ್ಯಾಲಿಫೋರ್ನಿಯಾದಲ್ಲಿ ಡೈವೋರ್ಸ್ ಕೇಸು ಹಾಕೋದಕ್ಕೆ ಲಾಯರ್ ಇರಲೇಬೇಕು ಅಂತೇನೂ ಇಲ್ಲ. ಫಾರ್ಮುಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ತುಂಬುವುದು ಹೇಗೆ ಅಂತ ಕೋರ್ಟಿನ ಸೆಲ್ಫ್ ಹೆಲ್ಪ್ ಸೆಂಟರ್‌ನಲ್ಲೇ ಬಿಟ್ಟಿಯಾಗಿ ಹೇಳಿಕೊಡುತ್ತಾರೆ. ಇಬ್ಬರೂ ಒಪ್ಪಿಕೊಂಡಿದ್ದರೆ ಜಡ್ಜ್ ಮುಖ ನೋಡದೇ ಕೇಸು ಮುಗಿಯುವುದೂ ಉಂಟು.

ನಮ್ಮವರಿಗೆ ತೊಡಕಾಗುವುದು ಬೇರೆ ಕಡೆ. ಮದುವೆ ದಾವಣಗೆರೆಯಲ್ಲೋ ಮೈಸೂರಿನಲ್ಲೋ ಆಗಿರುತ್ತದೆ, ಹಿಂದೂ ವಿವಾಹ ಕಾಯ್ದೆಯ ಪ್ರಕಾರ. ಡೈವೋರ್ಸ್ ಸ್ಯಾನ್ ಹೋಸೆಯಲ್ಲಿ. ಇಲ್ಲಿನ ಡಿಕ್ರಿ ಇಲ್ಲಿ ನೂರಕ್ಕೆ ನೂರು ಸರಿ. ಊರಿನ ಕೋರ್ಟಿನಲ್ಲಿ ಅದು ನಿಲ್ಲುತ್ತದಾ? ಅದು ನೀವು ಇಲ್ಲಿ ಯಾವ ದಾರಿಯಲ್ಲಿ ಕೇಸು ಮುಗಿಸಿದಿರಿ ಅನ್ನುವುದರ ಮೇಲಿದೆ. ಅದಕ್ಕೇ ಮೊದಲು ಆ ವಿಷಯ, ಆಮೇಲೆ ಫಾರ್ಮು. ಉದಾಹರಣೆಗೆ ಸಾಂತಾ ಕ್ಲಾರಾ ಕೌಂಟಿ ತೆಗೆದುಕೊಂಡಿದ್ದೇನೆ. ರಾಜ್ಯದ ಬೇರೆ ಕೌಂಟಿಗಳಲ್ಲೂ ಮುಖ್ಯ ಫಾರ್ಮುಗಳು ಇವೇ.

ಫಾರ್ಮಿಗೂ ಮುಂಚೆ: ಕೇಸು ಹೇಗೆ ಮುಗಿಯಬೇಕು?

1991ರಲ್ಲಿ ಭಾರತದ ಸುಪ್ರೀಂ ಕೋರ್ಟಿನಲ್ಲಿ ಒಂದು ಕೇಸು ತೀರ್ಮಾನವಾಯಿತು. ನರಸಿಂಹರಾವ್ ಪ್ರಕರಣ ಅಂತಲೇ ಲಾಯರುಗಳು ಕರೆಯುತ್ತಾರೆ. 1975ರಲ್ಲಿ ತಿರುಪತಿಯಲ್ಲಿ ಮದುವೆ. ಗಂಡ ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿ ಕೋರ್ಟಿನಿಂದ ಡೈವೋರ್ಸ್ ಡಿಕ್ರಿ ತಂದು ಇನ್ನೊಂದು ಮದುವೆಯಾದ. ಹೆಂಡತಿ ಎರಡನೇ ಮದುವೆ ಅಪರಾಧ ಅಂತ ಕ್ರಿಮಿನಲ್ ದೂರು ಕೊಟ್ಟಳು. ಆ ಡಿಕ್ರಿ ಭಾರತದಲ್ಲಿ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ಕಾರಣ ಸರಳ. ಮದುವೆ ಯಾವ ಕಾನೂನಿನಲ್ಲಿ ಆಯಿತೋ ಆ ಕಾನೂನು ಒಪ್ಪುವ ಕೋರ್ಟು, ಆ ಕಾನೂನು ಒಪ್ಪುವ ಕಾರಣ, ಎರಡೂ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಯಾರ ತಪ್ಪನ್ನೂ ತೋರಿಸಬೇಕಾಗಿಲ್ಲ. 'ಸರಿಪಡಿಸಲಾಗದ ಭಿನ್ನಾಭಿಪ್ರಾಯ' ಅಂದರೆ ಸಾಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣ ಇಲ್ಲವೇ ಇಲ್ಲ. ಆದರೆ ಅದೇ ತೀರ್ಪು ಬಾಗಿಲನ್ನೂ ತೆರೆದಿಟ್ಟಿದೆ. ಎದುರು ಕಕ್ಷಿ ಡೈವೋರ್ಸ್‌ಗೆ ಒಪ್ಪಿಗೆ ಕೊಟ್ಟಿದ್ದರೆ ವಿದೇಶಿ ಡಿಕ್ರಿಗೆ ಭಾರತದಲ್ಲೂ ಮಾನ್ಯತೆ ಸಿಗುತ್ತದೆ.

ಅಂದರೆ ಎದುರಿನವರು ಉತ್ತರವೇ ಕೊಡದೆ, ಒಬ್ಬರೇ ಮುಂದುವರಿದು ತೆಗೆದುಕೊಂಡ ಡಿಫಾಲ್ಟ್ ಡಿಕ್ರಿ ನಮ್ಮವರಿಗೆ ಅಪಾಯದ ದಾರಿ. ಇಬ್ಬರೂ ಹಾಜರಾಗಿ, ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿ ಮುಗಿಸಿದ್ದು ಗಟ್ಟಿ ದಾರಿ. ಎದುರಿನವರು ಉತ್ತರ ಹಾಕಿದರೆ ಅವರೂ 435 ಡಾಲರ್ ಫೀಸು ಕಟ್ಟಬೇಕು. ಅದನ್ನು ಉಳಿಸೋದಕ್ಕೆ 'ಸುಮ್ನೆ ಡಿಫಾಲ್ಟ್ ಆಗಲಿ ಬಿಡು' ಅನ್ನುವವರು ಜಾಸ್ತಿ. ಭಾರತದಲ್ಲಿ ಮದುವೆಯಾದವರು ಈ 435 ಡಾಲರ್‌ನಲ್ಲಿ ಜುಗ್ಗತನ ಮಾಡಬಾರದು. ಬೇಕಾದರೆ ಇಬ್ಬರ ಫೀಸನ್ನೂ ನೀವೇ ಕಟ್ಟಿ.

ಇಬ್ಬರೂ ಒಪ್ಪಿದ್ದರೆ ಊರಿನಲ್ಲೇ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಅಡಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕುವ ದಾರಿಯೂ ಇದೆ. ಅದಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಎರಡು ಅರ್ಜಿಗಳ ನಡುವಿನ 6 ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ತಿಪಾಸ್ತಿ, ಮಕ್ಕಳು ಎಲ್ಲ ಇಲ್ಲೇ ಇದ್ದರೆ ಮಾತ್ರ ಕೌಂಟಿ ಕೋರ್ಟೇ ವಾಸಿ. 401ಕೆ (ಕಂಪನಿ ಮೂಲಕದ ನಿವೃತ್ತಿ ಉಳಿತಾಯ) ಹಂಚುವುದು, ಮಕ್ಕಳ ಖರ್ಚು ವಸೂಲಿ, ಇವೆಲ್ಲ ಇಲ್ಲಿನ ಆದೇಶ ಇದ್ದರೆ ಸಲೀಸು.

ಹಂತ 1: ನೀವು ಅರ್ಹರಾ?

ನಿಮ್ಮಿಬ್ಬರಲ್ಲಿ ಒಬ್ಬರಾದರೂ ಕೇಸು ಹಾಕುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ವಾಸವಿದ್ದಿರಬೇಕು. ಆಗಿಲ್ಲದಿದ್ದರೆ ಈಗ 'ಲೀಗಲ್ ಸೆಪರೇಶನ್' (ಮದುವೆ ಮುರಿಯದೆ ಕಾನೂನಿನ ಪ್ರಕಾರ ಬೇರೆಯಾಗುವುದು) ಅರ್ಜಿ ಹಾಕಿ, ಅವಧಿ ತುಂಬಿದ ಮೇಲೆ ಅದನ್ನೇ ಡೈವೋರ್ಸ್ ಆಗಿ ತಿದ್ದಿಸಿಕೊಳ್ಳಬಹುದು.

ಮದುವೆಯಾಗಿ 5 ವರ್ಷದೊಳಗೆ ಬೇರೆಯಾಗಿದ್ದು, ಮಕ್ಕಳಿಲ್ಲದಿದ್ದರೆ 'ಸಮ್ಮರಿ ಡಿಸಲ್ಯೂಶನ್' ಅನ್ನುವ ಚಿಕ್ಕ ದಾರಿ ಇದೆ. ಇಬ್ಬರೂ ಸೇರಿಯೇ ಅರ್ಜಿ ಹಾಕುತ್ತಾರೆ. ಆಸ್ತಿಗೂ ಸಾಲಕ್ಕೂ ಮಿತಿ ಇದೆ. ಇದರಲ್ಲಿ ನಮ್ಮವರು ಗಮನಿಸದ ಒಂದು ಷರತ್ತು: ಎಲ್ಲೇ ಆಗಲಿ, ಇಬ್ಬರಲ್ಲಿ ಯಾರಿಗೂ ಜಮೀನು, ಮನೆಯಲ್ಲಿ ಹಕ್ಕು ಇರಬಾರದು. 'ಎಲ್ಲೇ ಆಗಲಿ' ಅಂದರೆ ಮಂಡ್ಯದ ಗದ್ದೆಯಲ್ಲಿ ನಿಮಗೆ ಬಂದ ಪಾಲೂ ಲೆಕ್ಕಕ್ಕೆ ಬರುತ್ತದೆ.

ಇದಲ್ಲದೆ, 2026ರ ಜನವರಿಯಿಂದ ದೊಡ್ಡ ಕೇಸುಗಳಿಗೂ ಜಂಟಿ ಅರ್ಜಿ ಹಾಕುವ ಅವಕಾಶವನ್ನು ಕ್ಯಾಲಿಫೋರ್ನಿಯಾ ಕಾನೂನು ಕೊಟ್ಟಿದೆ. ಇಬ್ಬರ ಸಹಿಯೂ ಮೊದಲ ದಿನವೇ ಬೀಳುವುದರಿಂದ ಭಾರತದ ದೃಷ್ಟಿಯಿಂದಲೂ ಇದು ಒಳ್ಳೆಯದು. ಮಾತುಕತೆ ಚೆನ್ನಾಗಿದ್ದರೆ ಇದನ್ನೇ ಮೊದಲು ವಿಚಾರಿಸಿ. ಮುಂದೆ ಹೇಳುವುದು ಒಬ್ಬರು ಹಾಕಿ ಇನ್ನೊಬ್ಬರಿಗೆ ಕಾಗದ ಮುಟ್ಟಿಸುವ ಮಾಮೂಲಿ ದಾರಿ.

ಹಂತ 2: ಮೊದಲ ಮೂರು ಫಾರ್ಮು

ಎಫ್‌ಎಲ್-100 ಅನ್ನುವುದು ಅರ್ಜಿ. ಎಫ್‌ಎಲ್-110 ಸಮನ್ಸ್. 18 ವರ್ಷದೊಳಗಿನ ಮಕ್ಕಳಿದ್ದರೆ ಎಫ್‌ಎಲ್-105 ಕೂಡ ಬೇಕು. ಮಕ್ಕಳು ಕಳೆದ 5 ವರ್ಷ ಎಲ್ಲೆಲ್ಲಿ, ಯಾರ ಜೊತೆ ಇದ್ದರು ಅಂತ ಅದರಲ್ಲಿ ಬರೆಯಬೇಕು. ಒಂದು ವರ್ಷ ಅಜ್ಜಿ ಮನೆಯಲ್ಲಿ ಓದಿದ್ದರೆ ಅದನ್ನೂ ಬಿಡಬೇಡಿ. ಮದುವೆ ಸರ್ಟಿಫಿಕೇಟ್, ಲಗ್ನಪತ್ರಿಕೆ, ಫೋಟೋ ಅಂತ ಊರಿಗೆ ಫೋನ್ ಮಾಡಿ ಅಪ್ಪ-ಅಮ್ಮನನ್ನು ಗಾಬರಿ ಮಾಡಬೇಡಿ. ಅರ್ಜಿ ಹಾಕೋದಕ್ಕೆ ಮದುವೆಯ ತಾರೀಖು ಸಾಕು.

ಎಫ್‌ಎಲ್-100ನಲ್ಲಿ ಪುಟ್ಟ ಜಾಗದಲ್ಲಿ ಒಂದು ತಾರೀಖು ಕೇಳುತ್ತಾರೆ: ಬೇರೆಯಾದ ದಿನ. ಇಡೀ ಅರ್ಜಿಯಲ್ಲಿ ದುಡ್ಡಿನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಾಲು ಇಲ್ಲ. ಆ ದಿನದವರೆಗೆ ದುಡಿದದ್ದು ಇಬ್ಬರದು, ಆಮೇಲೆ ದುಡಿದದ್ದು ಅವರವರದು. ಒಬ್ಬರು 'ಇನ್ನು ಮದುವೆ ಮುಗಿಯಿತು' ಅಂತ ಇನ್ನೊಬ್ಬರಿಗೆ ತಿಳಿಸಿ, ಅದಕ್ಕೆ ತಕ್ಕಂತೆ ನಡೆದುಕೊಂಡ ದಿನವೇ ಬೇರೆಯಾದ ದಿನ. ಬೇರೆ ಮನೆ ಮಾಡಲೇಬೇಕು ಅಂತಿಲ್ಲ. 2017ರಿಂದ ಕಾನೂನು ಅದನ್ನು ಸ್ಪಷ್ಟ ಮಾಡಿದೆ. ಇಲ್ಲಿನ ಬಾಡಿಗೆಯಲ್ಲಿ ಎರಡು ಮನೆ ಮಾಡಲಾಗದೆ ಒಂದೇ ಸೂರಿನಡಿ, ಬೇರೆ ಬೇರೆ ರೂಮಿನಲ್ಲಿ ಇರುವವರು ಬೇಕಾದಷ್ಟು ಜನ ಇದ್ದಾರೆ ಅಲ್ವಾ? ಹಾಗಿದ್ದರೆ ಆ ದಿನ ಕಳಿಸಿದ ಒಂದು ಇಮೇಲ್, ಒಂದು ಮೆಸೇಜ್ ತೆಗೆದಿಟ್ಟುಕೊಳ್ಳಿ.

ಷೇರಿನ ಉದಾಹರಣೆ ನೋಡಿ. ಮದುವೆಯಾದ ಮೇಲೆ ಕಂಪನಿಯವರು 400 ಆರ್‌ಎಸ್‌ಯು (ಕೆಲಸದಲ್ಲಿ ಮುಂದುವರಿದರೆ ಕೈಗೆ ಬರುವ ಕಂಪನಿ ಷೇರು) ಕೊಟ್ಟಿದ್ದಾರೆ, 48 ತಿಂಗಳಾದ ಮೇಲೆ ಕೈಗೆ ಬರುತ್ತವೆ ಅಂದುಕೊಳ್ಳಿ. 24ನೇ ತಿಂಗಳಲ್ಲಿ ಬೇರೆಯಾದರೆ, ಒಂದು ಸಾಮಾನ್ಯ ಲೆಕ್ಕದ ಪ್ರಕಾರ ಅರ್ಧ, ಅಂದರೆ 200 ಷೇರು ಇಬ್ಬರದು. ತಲಾ 100. ಕೆಲಸಕ್ಕೆ ಸೇರಿದ ದಿನದಿಂದ ಎಣಿಸುವ ಇನ್ನೊಂದು ಸೂತ್ರವೂ ಇದೆ. ಯಾವುದು ಹೊಂದುತ್ತದೆ ಅನ್ನುವುದು ಷೇರು ಯಾತಕ್ಕೆ ಕೊಟ್ಟರು ಅನ್ನುವುದರ ಮೇಲೆ. ದೊಡ್ಡ ಮೊತ್ತ ಇದ್ದರೆ ಇಷ್ಟಕ್ಕೆ ಮಾತ್ರ ಲಾಯರ್ ಹತ್ತಿರ ಒಂದೆರಡು ಗಂಟೆ ಕೂರುವುದು ದಂಡ ಅಲ್ಲ. ಪೂರ್ತಿ ಕೇಸು ಕೊಡದೆ ಒಂದು ಭಾಗಕ್ಕೆ ಮಾತ್ರ ಲಾಯರ್ ಹಿಡಿಯುವ ಪದ್ಧತಿ ಇಲ್ಲಿ ಮಾಮೂಲಿ.

ಇನ್ನೊಂದು ಮಾತು. ಜೀವನಾಂಶ, ಮಕ್ಕಳ ಕಸ್ಟಡಿ, ಹಳೆಯ ಹೆಸರು ವಾಪಸ್, ಏನೇನು ಬೇಕೋ ಅದಕ್ಕೆಲ್ಲ ಅರ್ಜಿಯಲ್ಲೇ ಗುರುತು ಹಾಕಿ. ಎದುರಿನವರು ಬಾರದೇ ಇದ್ದಾಗ ಅರ್ಜಿಯಲ್ಲಿ ಕೇಳದ್ದನ್ನು ಕೋರ್ಟು ಕೊಡುವುದಿಲ್ಲ.

ಹಂತ 3: ಕೋರ್ಟಿಗೆ ಹಾಕುವುದು

ಸಾಂತಾ ಕ್ಲಾರಾದಲ್ಲಿ ಇದಕ್ಕೆ ಫ್ಯಾಮಿಲಿ ಜಸ್ಟಿಸ್ ಸೆಂಟರ್ ಇದೆ, ಸ್ಯಾನ್ ಹೋಸೆಯ ನಾರ್ತ್ ಫಸ್ಟ್ ಸ್ಟ್ರೀಟ್‌ನಲ್ಲಿ. ಮೂಲ ಪ್ರತಿ ಜೊತೆಗೆ ಎರಡು ಜೆರಾಕ್ಸ್ ಒಯ್ಯಿರಿ. ಕೌಂಟಿಯದೇ ಬೇರೆ ಫಾರ್ಮು ಏನಾದರೂ ಇದೆಯಾ ಅಂತ ಕೌಂಟರಿನಲ್ಲಿ ಕೇಳಿ. ಗುಮಾಸ್ತರು ಸೀಲು ಹೊಡೆದು ಕೇಸ್ ನಂಬರ್ ಕೊಡುತ್ತಾರೆ. ಕಾನೂನು ಸಲಹೆ ಮಾತ್ರ ಅವರು ಕೊಡುವಂತಿಲ್ಲ. ಕೇಳಿದರೆ ಒರಟಾಗಿ ಉತ್ತರ ಬಂತು ಅಂತ ಬೇಜಾರು ಬೇಡ. ಆ ಪ್ರಶ್ನೆಗಳಿಗೆ ಸೆಲ್ಫ್ ಹೆಲ್ಪ್ ಸೆಂಟರ್ ಇದೆ.

ಫೀಸು 435 ಡಾಲರ್. ಆದಾಯ ಕಡಿಮೆ ಇದ್ದರೆ ಎಫ್‌ಡಬ್ಲ್ಯೂ-001 ಫಾರ್ಮು ಹಾಕಿ ಮಾಫಿ ಕೇಳಬಹುದು. ಎಚ್-4 ವೀಸಾದಲ್ಲಿ (ಗಂಡ ಅಥವಾ ಹೆಂಡತಿಯ ಕೆಲಸದ ವೀಸಾ ಆಧರಿಸಿ ಸಿಗುವ ವೀಸಾ) ಸಂಬಳವಿಲ್ಲದೆ ಇರುವವರು ಇದನ್ನು ಕೇಳಲು ಸಂಕೋಚ ಪಡಬೇಕಾಗಿಲ್ಲ. ವಿಚಾರಣೆ ಬಿದ್ದರೆ ಕನ್ನಡ ದುಭಾಷಿ ಬೇಕು ಅಂತಲೂ ಕೇಳಬಹುದು, ಅದಕ್ಕೆ ದುಡ್ಡಿಲ್ಲ. ಸ್ಪ್ಯಾನಿಷ್‌ನಂತೆ ಕನ್ನಡದವರು ತಕ್ಷಣ ಸಿಗುವುದಿಲ್ಲ, ಹಾಗಾಗಿ ತಾರೀಖು ಸಿಕ್ಕ ಕೂಡಲೇ ಹೇಳಿಬಿಡಿ.

ಸಮನ್ಸಿನ ಎರಡನೇ ಪುಟ ಓದಿ

ಇದನ್ನು ಯಾರೂ ಓದುವುದಿಲ್ಲ. ಓದದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಎಫ್‌ಎಲ್-110ರ ಹಿಂಭಾಗದಲ್ಲಿ ನಿರ್ಬಂಧದ ಆದೇಶಗಳಿವೆ. ಹಾಕಿದವರಿಗೆ ಅವತ್ತಿನಿಂದಲೇ, ಎದುರಿನವರಿಗೆ ಕಾಗದ ಮುಟ್ಟಿದ ಕ್ಷಣದಿಂದ ಅವು ಜಾರಿ. ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟ್ ಆದೇಶ ಇಲ್ಲದೆ ಮಕ್ಕಳನ್ನು ರಾಜ್ಯದಿಂದ ಹೊರಗೆ ಕರೆದೊಯ್ಯುವಂತಿಲ್ಲ, ಮಕ್ಕಳಿಗೆ ಹೊಸ ಪಾಸ್‌ಪೋರ್ಟ್ ಮಾಡಿಸುವಂತಿಲ್ಲ. ವಿಮೆ ರದ್ದು ಮಾಡುವಂತಿಲ್ಲ. ದಿನನಿತ್ಯದ ಖರ್ಚು ಬಿಟ್ಟು ಆಸ್ತಿ ಮಾರುವುದು, ದುಡ್ಡು ಸಾಗಿಸುವುದು ಇಲ್ಲ.

ಅಂದರೆ ಬೇಸಿಗೆ ರಜೆಗೆ ಮಕ್ಕಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಅಂತ ಟಿಕೆಟ್ ಬುಕ್ ಮಾಡಿದ್ದರೂ ಬರಹದ ಒಪ್ಪಿಗೆ ಬೇಕು. ಫೋನಿನಲ್ಲಿ 'ಹೂಂ, ಹೋಗಿ ಬಾ' ಅಂದದ್ದು ಸಾಲದು. ಮಕ್ಕಳನ್ನು ದೇಶದಿಂದ ದೇಶಕ್ಕೆ ಒಯ್ದಾಗ ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಲ್ಲಿನ ಜಡ್ಜ್‌ಗಳಿಗೆ ಅದು ಗೊತ್ತು. ಭಾರತ ಪ್ರವಾಸ ಅಂದರೆ ಎರಡು ಸಲ ಯೋಚಿಸುತ್ತಾರೆ. ಹೋಗುವುದು ಖಚಿತವಿದ್ದರೆ ರಿಟರ್ನ್ ಟಿಕೆಟ್, ಇರುವ ವಿಳಾಸ, ಫೋನ್ ನಂಬರ್ ಸಮೇತ ಮೊದಲೇ ಬರೆದು ಇಬ್ಬರೂ ಸಹಿ ಮಾಡಿ.

ಹಂತ 4: ಕಾಗದ ಮುಟ್ಟಿಸುವುದು

ನೀವೇ ಕೈಗೆ ಕೊಡುವಂತಿಲ್ಲ. 18 ತುಂಬಿದ, ಕೇಸಿಗೆ ಸಂಬಂಧಪಡದ ಯಾರಾದರೂ ಕೊಡಬೇಕು. ಸ್ನೇಹಿತರಾದರೂ ಸರಿ. ಅರ್ಜಿ, ಸಮನ್ಸ್ ಜೊತೆ ಉತ್ತರ ಬರೆಯಲು ಖಾಲಿ ಎಫ್‌ಎಲ್-120 ಇರಬೇಕು. ಕೊಟ್ಟವರು ಎಫ್‌ಎಲ್-115 ತುಂಬಿ ಸಹಿ ಮಾಡಿದ ಮೇಲೆ ಅದನ್ನು ಕೋರ್ಟಿಗೆ ಹಾಕಿ. ಮುಖಾಮುಖಿ ಬೇಡ ಅನ್ನಿಸಿದರೆ ಅದೇ ಮೂರನೆಯವರು ಅಂಚೆಯಲ್ಲಿ ಎಫ್‌ಎಲ್-117 ಜೊತೆ ಕಳಿಸಬಹುದು. ಎದುರಿನವರು ಅದಕ್ಕೆ ಸಹಿ ಹಾಕಿ ವಾಪಸ್ ಕಳಿಸಿದರೆ ಮುಟ್ಟಿದಂತೆ.

ಎದುರಿನವರು ಊರಿಗೆ ಹೋಗಿಬಿಟ್ಟಿದ್ದರೆ? ಕೋರ್ಟ್ ಕಾಗದವನ್ನು ನೇರ ಕೊರಿಯರ್, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸುವುದಕ್ಕೆ ಭಾರತ ಆಕ್ಷೇಪ ಹೇಳಿದೆ. ಹೇಗ್ ಸರ್ವಿಸ್ ಒಪ್ಪಂದದ ಪ್ರಕಾರ (ಇದು ಕೋರ್ಟ್ ಕಾಗದ ಮುಟ್ಟಿಸುವ ಬೇರೆಯದೇ ಒಪ್ಪಂದ, ಇದಕ್ಕೆ ಭಾರತ ಸೇರಿದೆ) ಭಾರತದ ಕೇಂದ್ರ ಕಾನೂನು ಸಚಿವಾಲಯದ ಮೂಲಕ ಕಳಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಮಾತುಕತೆ ಉಳಿದಿದ್ದರೆ ಅವರೇ ಎಫ್‌ಎಲ್-120 ಹಾಕಿ ಹಾಜರಾಗಲಿ. ಮುಟ್ಟಿಸುವ ತಾಪತ್ರಯವೂ ತಪ್ಪುತ್ತದೆ, ಭಾರತಕ್ಕೆ ಬೇಕಾದ ಒಪ್ಪಿಗೆಗೂ ಬುನಾದಿ ಬೀಳುತ್ತದೆ.

ಉತ್ತರಕ್ಕೆ 30 ದಿನ. ನೀವೇ ಎದುರು ಕಕ್ಷಿಯಾಗಿದ್ದರೆ, 'ಕಾಗದ ತಗೊಂಡರೆ ತಾನೇ' ಅಂತ ತಪ್ಪಿಸಿಕೊಂಡು ಓಡಾಡಬೇಡಿ. ಕೇಸು ನಿಲ್ಲುವುದಿಲ್ಲ, ನಿಮ್ಮ ಮಾತು ಕೇಳುವವರು ಮಾತ್ರ ಇರುವುದಿಲ್ಲ.

ಹಂತ 5: ಲೆಕ್ಕ ಬಿಚ್ಚಿಡುವುದು

ಅರ್ಜಿ ಹಾಕಿದ 60 ದಿನದೊಳಗೆ ನಿಮ್ಮ ಆಸ್ತಿ, ಸಾಲ, ಆದಾಯ ಎಲ್ಲವನ್ನೂ ಎದುರಿನವರಿಗೆ ಕೊಡಬೇಕು. ಎಫ್‌ಎಲ್-140, ಎಫ್‌ಎಲ್-142, ಎಫ್‌ಎಲ್-150, ಜೊತೆಗೆ ಎರಡು ವರ್ಷದ ಟ್ಯಾಕ್ಸ್ ರಿಟರ್ನ್. ಈ ವಿವರಗಳನ್ನು ಕೋರ್ಟಿಗೆ ಹಾಕಬೇಕಾಗಿಲ್ಲ. 'ಕೊಟ್ಟಿದ್ದೇನೆ' ಅನ್ನುವ ಎಫ್‌ಎಲ್-141 ಮಾತ್ರ ಹಾಕಿದರೆ ಸಾಕು. ಉತ್ತರ ಹಾಕಿದವರೂ ಇದನ್ನೇ ಮಾಡಬೇಕು.

'ಊರಲ್ಲಿರೋದನ್ನ ಇಲ್ಲಿ ಯಾಕೆ ಹೇಳಬೇಕು?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹೇಳಲೇಬೇಕು. ವೈಟ್‌ಫೀಲ್ಡ್‌ನ ಫ್ಲಾಟ್, ಎನ್‌ಆರ್‌ಇ ಎಫ್‌ಡಿ, ಹಳೆಯ ಕಂಪನಿಯ ಪಿಎಫ್, ಎಲ್‌ಐಸಿ ಪಾಲಿಸಿ, ಲಾಕರಿನ ಒಡವೆ, ಎಲ್ಲ ಬರೆಯಬೇಕು. ಬರೆದ ಮಾತ್ರಕ್ಕೆ ಎಲ್ಲ ಅರ್ಧ ಅರ್ಧ ಆಗುವುದಿಲ್ಲ. ಮದುವೆಗೆ ಮುಂಚಿನದು, ಪಿತ್ರಾರ್ಜಿತವಾಗಿ ಬಂದದ್ದು, ಒಬ್ಬರಿಗೇ ಉಡುಗೊರೆ ಬಂದದ್ದು ಅವರವರದೇ. ತವರಿನವರು ಮಗಳಿಗೆ ಹಾಕಿದ ಒಡವೆ ಅವಳದೇ. ಮದುವೆಯಾದ ಮೇಲೆ ಸಂಬಳದಿಂದ ಕೊಂಡದ್ದು ಯಾರ ಹೆಸರಲ್ಲಿದ್ದರೂ, ಯಾವ ದೇಶದಲ್ಲಿದ್ದರೂ ಹಂಚಿಕೆಗೆ ಬರುತ್ತದೆ.

ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿ ಎಲ್ಲರೂ ಹೇಳುವ ಕೇಸೊಂದಿದೆ. ಒಬ್ಬಾಕೆಗೆ ಕ್ಯಾಲಿಫೋರ್ನಿಯಾ ಲಾಟರಿಯಲ್ಲಿ ಸುಮಾರು 13 ಲಕ್ಷ ಡಾಲರ್ ಬಂತು. ಗಂಡನಿಗೆ ಹೇಳದೆ ಡೈವೋರ್ಸ್ ಹಾಕಿದಳು, ಪಟ್ಟಿಯಲ್ಲೂ ಬರೆಯಲಿಲ್ಲ. ಆಮೇಲೆ ಗೊತ್ತಾಯಿತು. ಕೋರ್ಟು ಆಕೆಯ ಪಾಲಿನ ಲಾಟರಿ ದುಡ್ಡನ್ನೆಲ್ಲ ಗಂಡನಿಗೆ ಕೊಟ್ಟಿತು. 2001ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮೊದಲೇ ಬರೆದಿದ್ದರೆ ಅರ್ಧವಾದರೂ ಉಳಿಯುತ್ತಿತ್ತು.

ಹಂತ 6: ಒಪ್ಪಂದ

ತಾತ್ಕಾಲಿಕ ಜೀವನಾಂಶಕ್ಕೆ ಸಾಂತಾ ಕ್ಲಾರಾ ಕೌಂಟಿಯದೇ ಒಂದು ಸೂತ್ರವಿದೆ. ಜಾಸ್ತಿ ದುಡಿಯುವವರ ನಿವ್ವಳ ಆದಾಯದ 40%ರಿಂದ, ಕಡಿಮೆ ದುಡಿಯುವವರ ನಿವ್ವಳ ಆದಾಯದ 50% ಕಳೆಯಿರಿ. ಒಬ್ಬರಿಗೆ ತಿಂಗಳಿಗೆ 10,000, ಇನ್ನೊಬ್ಬರಿಗೆ 3,000 ಡಾಲರ್ ಅಂದರೆ 4,000ದಿಂದ 1,500 ಕಳೆದು 2,500. ಮಕ್ಕಳ ಖರ್ಚು, ಟ್ಯಾಕ್ಸ್ ಸೇರಿದರೆ ಲೆಕ್ಕ ಬದಲಾಗುತ್ತದೆ. ಮಾತುಕತೆ ಶುರು ಮಾಡಲು ಇಷ್ಟು ಸಾಕು. ಕೊನೆಯ ಡಿಕ್ರಿಯ ಜೀವನಾಂಶಕ್ಕೆ ಈ ಸೂತ್ರ ಬಳಸುವಂತಿಲ್ಲ. ಅಲ್ಲಿ ಮದುವೆಯ ಅವಧಿ, ಆರೋಗ್ಯ, ಕೆಲಸದ ಅವಕಾಶ ಎಲ್ಲ ನೋಡುತ್ತಾರೆ. 10 ವರ್ಷಕ್ಕಿಂತ ಕಡಿಮೆಯ ಮದುವೆಗೆ ಸಾಮಾನ್ಯವಾಗಿ ಅದರ ಅರ್ಧ ಅವಧಿವರೆಗೆ ಕೊಡಿಸುವುದು ವಾಡಿಕೆ. 10 ದಾಟಿದರೆ ಅದು ದೀರ್ಘ ಮದುವೆ.

ಕಸ್ಟಡಿ ಬಗ್ಗೆ ಜಗಳವಿದ್ದರೆ ಜಡ್ಜ್ ಮುಂದೆ ಹೋಗುವ ಮೊದಲು ಕೋರ್ಟಿನ ಮೀಡಿಯೇಶನ್ ಕಡ್ಡಾಯ.

ಬೆಂಗಳೂರಿನ ಫ್ಲಾಟಿಗೆ ಬನ್ನಿ. 'ಫ್ಲಾಟ್ ಹೆಂಡತಿಗೆ' ಅಂತ ಸ್ಯಾನ್ ಹೋಸೆಯ ಒಪ್ಪಂದದಲ್ಲಿ ಬರೆದರೆ ಖಾತೆ ಬದಲಾಗುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಖುಲಾಸೆಯೋ ದಾನಪತ್ರವೋ ನೋಂದಣಿ ಆಗಬೇಕು. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡೈವೋರ್ಸ್ ಆದ ಮೇಲೆ ನೀವು ಗಂಡ ಹೆಂಡತಿ ಅಲ್ಲವಲ್ಲ! ಹಾಗಾಗಿ ಇಬ್ಬರೂ ಬರಹದಲ್ಲಿ ಒಪ್ಪಿಕೊಂಡು, ಡಿಕ್ರಿ ಜಾರಿಗೆ ಬರುವ ಮೊದಲೇ ನೋಂದಣಿ ಮುಗಿಸುವುದು ಜಾಣತನ. ಹೋಗಲಾಗದವರು ಸ್ಯಾನ್ ಫ್ರಾನ್ಸಿಸ್ಕೋ ಕಾನ್ಸುಲೇಟ್ ಮೂಲಕ ಪವರ್ ಆಫ್ ಅಟಾರ್ನಿ ಮಾಡಿ ಕಳಿಸಬಹುದು.

ಒಪ್ಪಂದದಲ್ಲಿ ಒಂದು ಪ್ಯಾರಾ ತಪ್ಪದೇ ಸೇರಿಸಿ. ಮದುವೆ ಎಲ್ಲಿ, ಯಾವ ಕಾಯ್ದೆಯಡಿ ಆಯಿತು, ಇಬ್ಬರೂ ಈ ಕೋರ್ಟಿನ ಅಧಿಕಾರವನ್ನು ಸ್ವಇಚ್ಛೆಯಿಂದ ಒಪ್ಪಿದ್ದೇವೆ, ಡೈವೋರ್ಸ್‌ಗೆ ಇಬ್ಬರ ಒಪ್ಪಿಗೆಯೂ ಇದೆ ಅಂತ. ಇಬ್ಬರ ಸಹಿಯೂ ನೋಟರಿ ಮುಂದೆ ಆಗಲಿ. ಅವತ್ತು ಇದು ಅತಿ ಅನ್ನಿಸಬಹುದು. ಮುಂದೆ ಊರಿನಲ್ಲಿ ಇನ್ನೊಂದು ಮದುವೆ ನೋಂದಣಿಗೆ ಹೋದಾಗ ನೋಡುವುದು ಇದನ್ನೇ.

ಹಂತ 7: ಕೊನೆಯ ಕಟ್ಟು

ಒಪ್ಪಂದದ ಕೇಸಿಗೆ ಎಫ್‌ಎಲ್-130, ಎಫ್‌ಎಲ್-170, ಎಫ್‌ಎಲ್-180 (ತೀರ್ಪಿನ ಫಾರ್ಮು), ಎಫ್‌ಎಲ್-190, ಕೊನೆಯ ಲೆಕ್ಕಪಟ್ಟಿ ಕೊಟ್ಟಿರುವ ದಾಖಲೆ ಅಥವಾ ಅದನ್ನು ಬಿಟ್ಟುಕೊಟ್ಟ ಎಫ್‌ಎಲ್-144, ಒಪ್ಪಂದದ ಪ್ರತಿಗಳು, ಅಂಚೆಚೀಟಿ ಹಚ್ಚಿದ ಲಕೋಟೆಗಳು. ಒಂದು ಗುರುತು ತಪ್ಪಿದರೂ ಇಡೀ ಕಟ್ಟು ವಾಪಸ್ ಬರುತ್ತದೆ. ಹಾಕುವ ಮೊದಲು ಸೆಲ್ಫ್ ಹೆಲ್ಪ್ ಸೆಂಟರ್‌ನಲ್ಲಿ ತೋರಿಸಿಬಿಡಿ. 401ಕೆ ಹಂಚುವುದಿದ್ದರೆ ಅದಕ್ಕೆ ಬೇರೆಯದೇ ಆದೇಶ ಬೇಕು, ಕ್ಯೂಡಿಆರ್‌ಓ ಅಂತ. ಅದನ್ನು 'ಆಮೇಲೆ ಮಾಡೋಣ' ಅಂತ ಬಿಡಬೇಡಿ.

ಎದುರಿನವರಿಗೆ ಕಾಗದ ಮುಟ್ಟಿದ ದಿನದಿಂದ, ಅಥವಾ ಅವರು ಮೊದಲು ಹಾಜರಾದ ದಿನದಿಂದ, 6 ತಿಂಗಳು ಕಳೆಯದೆ ಮದುವೆ ಮುಗಿಯುವುದಿಲ್ಲ. ಜಡ್ಜ್ ಮೊದಲೇ ಸಹಿ ಹಾಕಿದ್ದರೂ ಎಫ್‌ಎಲ್-180ನಲ್ಲಿ ಮದುವೆ ಕೊನೆಯಾಗುವ ತಾರೀಖು ಬೇರೆ ಇರುತ್ತದೆ. ಆ ತಾರೀಖಿಗೆ ಮುಂಚೆ ಇನ್ನೊಂದು ಮದುವೆ ಆಗುವಂತಿಲ್ಲ. ಇನ್ನೊಂದು ಕಡೆ, 6 ತಿಂಗಳಾದ ಕೂಡಲೇ ತನ್ನಷ್ಟಕ್ಕೇ ಡೈವೋರ್ಸ್ ಆಗುವುದೂ ಇಲ್ಲ. ಕಟ್ಟು ಹಾಕದಿದ್ದರೆ ಕೇಸು ಅಲ್ಲೇ ಬಿದ್ದಿರುತ್ತದೆ.

ಎಚ್-4ನಲ್ಲಿ ಇರುವವರ ವೀಸಾ ಈ ತಾರೀಖಿಗೆ ಬಿದ್ದುಹೋಗುತ್ತದೆ, ಅದರ ಮೇಲಿನ ಕೆಲಸದ ಪರವಾನಗಿಯೂ ಜೊತೆಗೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇಮಿಗ್ರೇಶನ್ ಲಾಯರನ್ನು ಕಾಣಿ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮೇಲಿನ ಯಾವ ಕ್ರಮವೂ ಮೊದಲಲ್ಲ. 911ಕ್ಕೆ ಫೋನ್ ಮಾಡಿ. ಡಿವಿ-100 ಫಾರ್ಮಿನ ರಕ್ಷಣಾ ಆದೇಶಕ್ಕೆ ಫೀಸಿಲ್ಲ. ಬೇ ಏರಿಯಾದಲ್ಲಿ ದಕ್ಷಿಣ ಏಷ್ಯಾದವರಿಗಾಗಿ 1991ರಿಂದ ಕೆಲಸ ಮಾಡುತ್ತಿರುವ ಮೈತ್ರಿ ಸಂಸ್ಥೆ ಇದೆ.

ಡಿಕ್ರಿ ಕೈಗೆ ಬಂದ ಮೇಲೆ

ಕೋರ್ಟಿನಿಂದ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ಕನಿಷ್ಠ ಎರಡು. ನರಸಿಂಹರಾವ್ ಪ್ರಕರಣದಲ್ಲಿ ಕೊಟ್ಟಿದ್ದು ಬರೀ ಫೋಟೋಸ್ಟಾಟ್ ಅನ್ನುವುದೂ ಒಂದು ತಕರಾರಾಗಿತ್ತು. ಒಂದು ಪ್ರತಿಗೆ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟೀಲ್ (ಬೇರೆ ದೇಶದಲ್ಲಿ ಬಳಸಲು ದಾಖಲೆಗೆ ಹಾಕುವ ದೃಢೀಕರಣ) ಮಾಡಿಸಿ. ಭಾರತದಲ್ಲಿ ಅದು ನಡೆಯುತ್ತದೆ.

ಗಂಡ ಅಥವಾ ಹೆಂಡತಿ ಭಾರತೀಯರು ಅನ್ನುವ ಆಧಾರದ ಮೇಲೆ ಪಡೆದ ಓಸಿಐ ಕಾರ್ಡ್ (ವಿದೇಶಿ ಪೌರರಿಗೆ ಭಾರತ ಕೊಡುವ ಸಾಗರೋತ್ತರ ನಾಗರಿಕರ ಕಾರ್ಡ್) ಡೈವೋರ್ಸ್ ನಂತರ ರದ್ದಾಗಬಹುದು. ಮೂಲದ ಆಧಾರದ ಮೇಲೆ ಪಡೆದದ್ದಕ್ಕೆ ತೊಂದರೆ ಇಲ್ಲ.

401ಕೆ, ಕಂಪನಿಯ ಜೀವವಿಮೆಯ ವಾರಸುದಾರರ ಹೆಸರನ್ನು ನೀವೇ ಹೋಗಿ ಬದಲಿಸಿ. ಅವು ಅಮೆರಿಕದ ಕೇಂದ್ರ (ಫೆಡರಲ್) ಕಾನೂನಿಗೆ ಒಳಪಟ್ಟವು. ಡೈವೋರ್ಸ್ ಆದರೂ ಫಾರ್ಮಿನಲ್ಲಿ ಹಳೆಯ ಹೆಸರಿದ್ದರೆ ದುಡ್ಡು ಆ ಹೆಸರಿಗೇ ಹೋಗುತ್ತದೆ. ಎಲ್‌ಐಸಿ ಮತ್ತು ಬ್ಯಾಂಕ್ ಎಫ್‌ಡಿಯ ನಾಮಿನಿ ಕೂಡ ನೀವು ಬದಲಿಸುವವರೆಗೆ ಹಳೆಯದೇ. ಮುಂದಿನ ಸಲ ಊರಿಗೆ ಹೋದಾಗ ಬ್ಯಾಂಕಿಗೆ ಒಂದು ಬೆಳಿಗ್ಗೆ ಎತ್ತಿಡಿ.